ಯಾರ ಕೈಯಲ್ಲಿ ಕಣ? ಬ್ರಿಟನ್ನಿನ ಸ್ವತಂತ್ರ ಕುಸ್ತಿಯ ಏಳುಬೀಳು

2023ರ ಆಗಸ್ಟ್ 27ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಅಮೆರಿಕದ ಎಇಡಬ್ಲ್ಯು ಕಂಪನಿ ನಡೆಸಿದ ‘ಆಲ್ ಇನ್’ ಎಂಬ ರೆಸ್ಲಿಂಗ್ ಪ್ರದರ್ಶನಕ್ಕೆ 81,035 ಟಿಕೆಟ್‌ಗಳು ಮಾರಾಟವಾದವೆಂದು ಕಂಪನಿ ಘೋಷಿಸಿತು. ಬಾಗಿಲಿನಲ್ಲಿ ಎಣಿಕೆಗೆ ಸಿಕ್ಕವರು 72 ಸಾವಿರದ ಆಸುಪಾಸು ಎಂಬ ವರದಿ ಆಮೇಲೆ ಬಂದರೂ ಅದೇನೂ ಸಣ್ಣ ಸಂಖ್ಯೆಯಲ್ಲ. ಅದಕ್ಕೂ ಒಂದು ವರ್ಷ ಮೊದಲು ಡಬ್ಲ್ಯುಡಬ್ಲ್ಯುಇ ಕಂಪನಿ ವೇಲ್ಸಿನ ಕಾರ್ಡಿಫ್‌ನಲ್ಲಿ 60 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿತ್ತು. ಈ ಲೆಕ್ಕಗಳನ್ನಷ್ಟೇ ನೋಡಿದವರಿಗೆ ಬ್ರಿಟನ್ನಿನ ಕುಸ್ತಿಗೆ ಇದು ಸುಗ್ಗಿಯ ಕಾಲವೆಂದೇ ಅನ್ನಿಸೀತು. ಆದರೆ ಈ ಎರಡೂ ಪ್ರದರ್ಶನಗಳ ಮಾಲೀಕರು ಅಮೆರಿಕದವರು. ಅಲ್ಲಿ ಚಪ್ಪಾಳೆ ಗಿಟ್ಟಿಸಿದ ಬ್ರಿಟಿಷ್ ಕುಸ್ತಿಪಟುಗಳಲ್ಲಿ ಹೆಚ್ಚಿನವರು ಪಟ್ಟು ಕಲಿತು ಹೆಸರು ಮಾಡಿದ್ದು ಕೆಲವು ನೂರು ಜನ ಹಿಡಿಯುವ ಸಭಾಂಗಣಗಳಲ್ಲಿ. ಬಾಡಿಗೆಗೆ ಹಿಡಿದ ಜಾಗದಲ್ಲಿ, ಒಂದು ರಾತ್ರಿಗೆ ಇಷ್ಟು ಎಂಬ ಸಂಭಾವನೆಗೆ ಸೆಣಸುತ್ತ. ದೊಡ್ಡ ಟಿವಿ ವಾಹಿನಿಯ ಅಥವಾ ಬಂಡವಾಳದ ಆಸರೆಯಿಲ್ಲದೆ ನಡೆಯುವ ಆ ಸಣ್ಣ ಕಂಪನಿಗಳ ಜಗತ್ತನ್ನೇ ‘ಇಂಡಿ’ ಅಥವಾ ಸ್ವತಂತ್ರ ರೆಸ್ಲಿಂಗ್ ಎನ್ನುತ್ತಾರೆ.

ಆ ಜಗತ್ತಿನ ಕಳೆದ ಎಪ್ಪತ್ತು ವರ್ಷಗಳನ್ನು ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಸುಬು ಬಲ್ಲವರಿಗೆ ಬ್ರಿಟನ್ನಿನಲ್ಲಿ ಎಂದೂ ಬರವಿರಲಿಲ್ಲ. ಪ್ರೇಕ್ಷಕರನ್ನು ತಲುಪುವ ದಾರಿ ಯಾರ ಹಿಡಿತದಲ್ಲಿತ್ತೋ ಅವರ ಲಾಭನಷ್ಟದ ಲೆಕ್ಕಾಚಾರಕ್ಕೆ ತಕ್ಕಂತೆ ಇಡೀ ಕ್ಷೇತ್ರ ಏಳುತ್ತಲೂ ಬೀಳುತ್ತಲೂ ಬಂದಿದೆ. ಇನ್ನೊಂದು ತೊಡಕೂ ಇದೆ. ವೃತ್ತಿಪರ ರೆಸ್ಲಿಂಗ್‌ನಲ್ಲಿ ಸೋಲುಗೆಲುವು ಮೊದಲೇ ನಿಗದಿಯಾಗಿರುತ್ತದೆ. ನಮ್ಮ ಗರಡಿಮನೆಗಳ ಮಟ್ಟಿ ಕುಸ್ತಿಯಂತೆ ಅದು ಸ್ಪರ್ಧೆಯಲ್ಲ. ಹಾಗೆಂದು ಬರೀ ನಾಟಕವೂ ಅಲ್ಲ, ಏಕೆಂದರೆ ಬೀಳುವ ಬೆನ್ನು ನಿಜವಾದದ್ದು, ಮುರಿಯುವ ಮೂಳೆಯೂ ನಿಜವಾದದ್ದು. ಕ್ರೀಡೆಯ ಆಡಳಿತ ಸಂಸ್ಥೆಗಳು ತಮ್ಮದೆನ್ನದ, ರಂಗಭೂಮಿಯ ಸಂಸ್ಥೆಗಳೂ ಪೂರ್ತಿ ಒಪ್ಪಿಕೊಳ್ಳದ ಈ ನಡುವಿನ ಜಾಗದಲ್ಲಿ ಉಳಿದ ಕಾರಣ, ಅದಕ್ಕೆ ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ.

ಒಂದು ನಿಯಮಾವಳಿ ಮಾತ್ರ ಬಹಳ ಹಿಂದೆಯೇ ಬಂದಿತ್ತು. 1930ರ ದಶಕದ ‘ಆಲ್-ಇನ್’ ಎಂಬ ಕಡಿವಾಣವಿಲ್ಲದ ಕುಸ್ತಿ ಮಿತಿಮೀರಿ ಲಂಡನ್ನಿನ ಆಡಳಿತ ಅದನ್ನು ನಿಷೇಧಿಸಿದ ಮೇಲೆ, 1947ರಲ್ಲಿ ಅಡ್ಮಿರಲ್ ಲಾರ್ಡ್ ಮೌಂಟೆವನ್ಸ್ ಅವರ ಹೆಸರಿನ ಸಮಿತಿಯೊಂದು ತೂಕದ ವರ್ಗಗಳು, ಸುತ್ತುಗಳು, ಬಹಿರಂಗ ಎಚ್ಚರಿಕೆಗಳು ಎಂದು ಕಟ್ಟುನಿಟ್ಟಾದ ಪದ್ಧತಿಯನ್ನು ರೂಪಿಸಿತು. 1952ರಲ್ಲಿ ಪ್ರದರ್ಶನ ಏರ್ಪಡಿಸುವ ಹಲವು ಊರುಗಳ ಪ್ರಮೋಟರ್‌ಗಳು ಒಗ್ಗೂಡಿ ಜಾಯಿಂಟ್ ಪ್ರಮೋಷನ್ಸ್ ಎಂಬ ಕೂಟ ಕಟ್ಟಿಕೊಂಡು ಊರೂರುಗಳ ಸಭಾಂಗಣಗಳನ್ನು ತಮ್ಮಲ್ಲೇ ಹಂಚಿಕೊಂಡರು. 1955ರಲ್ಲಿ ಐಟಿವಿ ವಾಹಿನಿ ಕುಸ್ತಿಯನ್ನು ತೋರಿಸತೊಡಗಿದಾಗ ಅದರ ಗುತ್ತಿಗೆ ದಕ್ಕಿದ್ದೂ ಈ ಕೂಟಕ್ಕೇ. 1965ರಿಂದ ‘ವರ್ಲ್ಡ್ ಆಫ್ ಸ್ಪೋರ್ಟ್’ ಕಾರ್ಯಕ್ರಮದ ಭಾಗವಾಗಿ ಪ್ರತಿ ಶನಿವಾರ ಸಂಜೆ ನಾಲ್ಕರ ಹೊತ್ತಿಗೆ, ಫುಟ್‌ಬಾಲ್ ಫಲಿತಾಂಶಗಳು ಬರುವುದಕ್ಕೆ ಮುಂಚೆ, ಕೆಂಟ್ ವಾಲ್ಟನ್ ಅವರ ವೀಕ್ಷಕ ವಿವರಣೆಯೊಂದಿಗೆ ದೇಶವೇ ಕುಸ್ತಿ ನೋಡುತ್ತಿತ್ತು. ಕೂಟದಿಂದ ಹೊರಗುಳಿದ ಪ್ರಮೋಟರ್‌ಗಳು ಅಂದಿನ ಸ್ವತಂತ್ರರು. ಟಿವಿಯಲ್ಲಿ ಮುಖ ಕಾಣಿಸದ ಕುಸ್ತಿಪಟುಗಳನ್ನು ಇಟ್ಟುಕೊಂಡು ಟಿಕೆಟ್ ಮಾರುವ ಕಷ್ಟ ಅವರದಾಗಿತ್ತು.

ಆ ಕಾಲದ ಕುಸ್ತಿಯ ಸೊಗಸು ಎಂಥದೆಂದು ತಿಳಿಯಲು ಲ್ಯಾಂಕಶೈರಿನ ಜಾನಿ ಸೇಂಟ್ ಅವರ ಒಂದು ಪಂದ್ಯ ನೋಡಿದರೆ ಸಾಕು. ಎದುರಾಳಿ ಅವರ ಮಣಿಕಟ್ಟನ್ನು ಹಿಡಿದು ತಿರುಚುತ್ತಾನೆ. ಸೇಂಟ್ ಬಲ ಹಾಕಿ ಕೈ ಕಿತ್ತುಕೊಳ್ಳುವುದಿಲ್ಲ. ತಿರುಚಿದ ದಿಕ್ಕಿಗೇ ಮುಂದಕ್ಕೆ ಉರುಳಿ, ಬೆನ್ನ ಮೇಲಿಂದ ಚಿಮ್ಮಿ ಎದ್ದು ನಿಲ್ಲುವಷ್ಟರಲ್ಲಿ ತಿರುಚು ತಾನಾಗಿ ಬಿಚ್ಚಿಕೊಂಡಿರುತ್ತದೆ, ಈಗ ಎದುರಾಳಿಯ ಕೈಯೇ ಅವರ ಹಿಡಿತದಲ್ಲಿರುತ್ತದೆ. ಇನ್ನೊಮ್ಮೆ ಕಣದ ನಡುವೆ ಮೊಣಕಾಲುಗಳನ್ನು ಅಪ್ಪಿಕೊಂಡು ಉಂಡೆಯಂತೆ ಕುಳಿತುಬಿಡುತ್ತಾರೆ. ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಎದುರಾಳಿ ಸುತ್ತ ತಿರುಗುತ್ತಾನೆ, ಹಿಡಿಯಲು ಬಗ್ಗಿದ ಗಳಿಗೆಯಲ್ಲೇ ಉರುಳಿಬೀಳುತ್ತಾನೆ. ಗಂಟೆ ಬಾರಿಸಿ ಸುತ್ತು ಮುಗಿದಾಗ ಇಬ್ಬರೂ ತಮ್ಮ ತಮ್ಮ ಮೂಲೆಗೆ ಹೋಗಿ ಕೂರುತ್ತಾರೆ. ಇಡೀ ಪಂದ್ಯದಲ್ಲಿ ಒಂದು ಗುದ್ದೂ ಬಿದ್ದಿರುವುದಿಲ್ಲ. ಈ ವಿದ್ಯೆಯ ಒಂದು ಬೇರು ವಿಗನ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ಬಿಲ್ಲಿ ರೈಲಿ ನಡೆಸುತ್ತಿದ್ದ ‘ಸ್ನೇಕ್ ಪಿಟ್’ ಎಂಬ ಜಿಮ್‌ನಲ್ಲಿತ್ತು. ಅಲ್ಲಿ ಕಲಿತ ಕಾರ್ಲ್ ಗಾಚ್ ಮತ್ತು ಬಿಲ್ಲಿ ರಾಬಿನ್ಸನ್ ಜಪಾನಿಗೆ ಹೋಗಿ ಗುರುಗಳೆನಿಸಿಕೊಂಡರು.

ಟಿವಿ ಕೊಟ್ಟ ಜನಪ್ರಿಯತೆಯೇ ಈ ವಿದ್ಯೆಯನ್ನು ಬದಿಗೆ ತಳ್ಳಿದ್ದು ವಿಪರ್ಯಾಸ. 1970ರ ದಶಕದ ಮಧ್ಯದಲ್ಲಿ ಜಾಯಿಂಟ್ ಪ್ರಮೋಷನ್ಸ್‌ನ ಪಂದ್ಯಗಳನ್ನು ಹೊಂದಿಸುವ ಹೊಣೆ ಮ್ಯಾಕ್ಸ್ ಕ್ರ್ಯಾಬ್‌ಟ್ರೀ ಅವರ ಕೈಗೆ ಬಂತು. ಅವರು ತಮ್ಮ ಅಣ್ಣ ಶರ್ಲಿ ಕ್ರ್ಯಾಬ್‌ಟ್ರೀಯನ್ನು ‘ಬಿಗ್ ಡ್ಯಾಡಿ’ ಎಂಬ ಹೆಸರಿನಲ್ಲಿ ಮಕ್ಕಳ ಕಣ್ಮಣಿಯನ್ನಾಗಿ ಮಾಡಿದರು. ಭಾರೀ ಹೊಟ್ಟೆಯ, ವಯಸ್ಸು ಮಾಗಿದ ಈ ನಾಯಕನನ್ನು ಉಳಿಸಿಕೊಳ್ಳಲು ಪಂದ್ಯಗಳು ಮೊಟಕಾದವು. 1981ರಲ್ಲಿ ವೆಂಬ್ಲಿ ಅರೇನಾದಲ್ಲಿ ಬಿಗ್ ಡ್ಯಾಡಿ ಮತ್ತು ದೈತ್ಯ ಗಾತ್ರದ ಜೈಂಟ್ ಹೇಸ್ಟ್ಯಾಕ್ಸ್ ನಡುವೆ ನಡೆದ ಬಹುನಿರೀಕ್ಷಿತ ಕಾಳಗ ಮೂರು ನಿಮಿಷವೂ ನಡೆಯಲಿಲ್ಲ. ಪಟ್ಟುಗಳಲ್ಲಿ ಪಳಗಿದವರು ಡ್ಯಾಡಿಯ ಜೋಡಿಯಾಗಿ ಪೆಟ್ಟು ತಿನ್ನುವ ಕೆಲಸಕ್ಕೆ ಇಳಿಯಬೇಕಾಯಿತು. ಡೈನಮೈಟ್ ಕಿಡ್, ಡೇವಿ ಬಾಯ್ ಸ್ಮಿತ್ ಅವರಂಥ ತರುಣರು ಅಟ್ಲಾಂಟಿಕ್ ದಾಟಿದರು. ‘ವರ್ಲ್ಡ್ ಆಫ್ ಸ್ಪೋರ್ಟ್’ 1985ರಲ್ಲಿ ನಿಂತಿತು. ಅದರಾಚೆಗೂ ಉಳಿದಿದ್ದ ಕುಸ್ತಿ ಪ್ರಸಾರವನ್ನು 1988ರ ಕೊನೆಗೆ ಐಟಿವಿಯ ಗ್ರೆಗ್ ಡೈಕ್ ರದ್ದುಮಾಡಿದರು. ಜಾಹೀರಾತುದಾರರು ಬಯಸುವ ವರ್ಗ ಈ ಆಟವನ್ನು ನೋಡುತ್ತಿಲ್ಲ, ಇದು ಹಳೆಯ ಕಾಲದ ಬ್ರಿಟನ್ನಿನ ಚಿತ್ರ ಎಂಬುದು ಅಂದಿನ ವಾಹಿನಿಯ ಎಣಿಕೆಯಾಗಿತ್ತು.

ಬ್ರಿಟಿಷ್ ಕುಸ್ತಿ 1988ರಲ್ಲಿ ಸತ್ತು 2012ರಲ್ಲಿ ಮರುಹುಟ್ಟು ಪಡೆಯಿತು ಎಂಬ ಕಥೆಯನ್ನು ಅಭಿಮಾನಿಗಳು ಇಷ್ಟಪಟ್ಟು ಹೇಳುತ್ತಾರೆ. ಅದು ಅರ್ಧ ಸತ್ಯ. ಬ್ರಯನ್ ಡಿಕ್ಸನ್ 1970ರಲ್ಲಿ ಆರಂಭಿಸಿದ, ಮುಂದೆ ಆಲ್ ಸ್ಟಾರ್ ರೆಸ್ಲಿಂಗ್ ಎಂದು ಹೆಸರಾದ ಕಂಪನಿ ಐಟಿವಿಯ ಕೊನೆಯ ಎರಡು ವರ್ಷಗಳಲ್ಲಿ ಸಿಕ್ಕ ಒಂದಿಷ್ಟು ಪ್ರಸಾರದ ಸಮಯವನ್ನು ಜಾಣತನದಿಂದ ಬಳಸಿಕೊಂಡು, ಮುಖವಾಡಧಾರಿ ಕೆಂಡೋ ನಾಗಸಾಕಿಯ ಹೆಸರಿನ ಬಲದ ಮೇಲೆ 1990ರ ದಶಕದ ಆರಂಭದವರೆಗೂ ಸಭಾಂಗಣಗಳನ್ನು ತುಂಬಿಸಿತು. ಆಮೇಲೂ ಪುರಭವನಗಳು, ಕಡಲತೀರದ ಊರುಗಳು, ಬಟ್ಲಿನ್ಸ್ ರಜಾ ಶಿಬಿರಗಳು ಎಂದು ವರ್ಷವಿಡೀ ವ್ಯಾನಿನಲ್ಲಿ ಕಣ ಹೇರಿಕೊಂಡು ತಿರುಗಿತು. ಮಧ್ಯಾಹ್ನ ಒಂದು ಊರು, ರಾತ್ರಿ ಇನ್ನೊಂದು. ಎದುರಿಗೆ ಐಸ್‌ಕ್ರೀಮ್ ತಿನ್ನುತ್ತ ಕೂತ ಮಕ್ಕಳು. ವಿಮರ್ಶಕರ ಕಣ್ಣಿಗೆ ಬೀಳದ ಈ ದುಡಿಮೆಯೇ ಎರಡು ತಲೆಮಾರಿಗೆ ದಿನಗೂಲಿಯನ್ನೂ ಅನುಭವವನ್ನೂ ಒದಗಿಸಿತು. 2023ರಲ್ಲಿ ಡಿಕ್ಸನ್ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳನ್ನು ಓದಿದರೆ, ಇಂದಿನ ದೊಡ್ಡ ಹೆಸರುಗಳಲ್ಲಿ ಎಷ್ಟು ಮಂದಿ ಅವರ ವ್ಯಾನಿನಲ್ಲಿ ಕೂತು ಬಂದವರೆಂಬುದು ತಿಳಿಯುತ್ತದೆ. ಅದೇ ಕಾಲದಲ್ಲಿ ನಾರ್ವಿಚ್‌ನಲ್ಲಿ ನೈಟ್ ಕುಟುಂಬ ತನ್ನದೇ ಕಂಪನಿ ನಡೆಸಿ ಮಕ್ಕಳನ್ನೂ ಕಣಕ್ಕಿಳಿಸಿತು. ಆ ಮನೆಯ ಮಗಳು ಸರಾಯಾ, ‘ಪೇಜ್’ ಎಂಬ ಹೆಸರಿನಲ್ಲಿ ಡಬ್ಲ್ಯುಡಬ್ಲ್ಯುಇಯ ಚಾಂಪಿಯನ್ ಆದದ್ದು ಮುಂದಿನ ಮಾತು.

ಹಾಗೆಂದು 1990ರ ದಶಕವನ್ನು ಹೊಗಳಲೂ ಬೇಕಿಲ್ಲ. ಉಪಗ್ರಹ ವಾಹಿನಿಗಳು ಅಮೆರಿಕದ ರೆಸ್ಲಿಂಗನ್ನು ಮನೆಮನೆಗೆ ತಂದಿದ್ದವು. 1992ರಲ್ಲಿ ವೆಂಬ್ಲಿಯಲ್ಲಿ ಡೇವಿ ಬಾಯ್ ಸ್ಮಿತ್ ಮತ್ತು ಬ್ರೆಟ್ ಹಾರ್ಟ್ ನಡುವಿನ ಪಂದ್ಯಕ್ಕೆ ಸುಮಾರು 80 ಸಾವಿರ ಜನ ಸೇರಿದ್ದರು. ಅದರ ಬಿಸಿಗೆ ಕೈ ಕಾಯಿಸಿಕೊಳ್ಳಲು ಕೆಲವು ಸ್ಥಳೀಯ ಪ್ರಮೋಟರ್‌ಗಳು ಅಂಡರ್‌ಟೇಕರ್ ಮೊದಲಾದವರ ವೇಷ ಹಾಕಿಸಿದ ನಕಲಿ ತಾರೆಯರ ‘ಟ್ರಿಬ್ಯೂಟ್’ ಪ್ರದರ್ಶನಗಳನ್ನು ನಡೆಸಿದರು. ಪೋಸ್ಟರ್ ನೋಡಿ ಆಸೆಯಿಂದ ಬಂದ ಮಗು, ಕಪ್ಪು ಕೋಟು ತೊಟ್ಟ ಯಾರೋ ಅಪರಿಚಿತನನ್ನು ಕಂಡು ಮನೆಗೆ ಮರಳುತ್ತಿತ್ತು. ಆಟದ ಮೇಲಿನ ನಂಬಿಕೆಗೆ ಇದಕ್ಕಿಂತ ದೊಡ್ಡ ಪೆಟ್ಟು ಐಟಿವಿಯೂ ಕೊಟ್ಟಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಹೊಸ ಶತಮಾನದ ಮೊದಲ ದಶಕದಲ್ಲಿ ಪೋರ್ಟ್ಸ್‌ಮತ್ ಮೂಲದ ಎಫ್‌ಡಬ್ಲ್ಯುಎ ಎಂಬ ಕಂಪನಿ ಈ ಅವಮಾನದಿಂದ ಹೊರಬರಲು ಯತ್ನಿಸಿತು. ಡಗ್ ವಿಲಿಯಮ್ಸ್, ಜೋಡಿ ಫ್ಲೈಶ್, ಜಾನಿ ಸ್ಟಾರ್ಮ್ ಅವರಂಥ ನಿಜವಾದ ಪ್ರತಿಭಾವಂತರನ್ನು ಮುಂದಿಟ್ಟುಕೊಂಡು 2002ರಲ್ಲಿ ಪೂರ್ವ ಲಂಡನ್ನಿನ ಯಾರ್ಕ್ ಹಾಲ್‌ನಲ್ಲಿ ದೊಡ್ಡ ಪ್ರದರ್ಶನ ನಡೆಸಿತು. ಡಾನ್‌ಕಾಸ್ಟರ್‌ನ ಒನ್‌ಪಿಡಬ್ಲ್ಯು ಕಂಪನಿ ಅಮೆರಿಕದಿಂದ ದುಬಾರಿ ತಾರೆಯರನ್ನು ಕರೆಸಿ ಕೈ ಸುಟ್ಟುಕೊಂಡಿತು. ಇಬ್ಬರಿಗೂ ಇದ್ದ ಕೊರತೆ ಒಂದೇ: ಟಿವಿಯಿಲ್ಲದೆ ಜನರನ್ನು ಪದೇ ಪದೇ ಕರೆತರುವ ದಾರಿ.

ಆ ದಾರಿ ತೆರೆದುಕೊಂಡದ್ದು ಅಂತರ್ಜಾಲದಿಂದ. ಹಾಸ್ಯ ಕಲಾವಿದ ಜಿಮ್ ಸ್ಮಾಲ್‌ಮನ್ ಮತ್ತು ಅವರ ಏಜೆಂಟ್ ಜಾನ್ ಬ್ರೈಲಿ ಸೇರಿ 2012ರ ಮಾರ್ಚ್‌ನಲ್ಲಿ ಉತ್ತರ ಲಂಡನ್ನಿನ ‘ದಿ ಗ್ಯಾರೇಜ್’ ಸಂಗೀತ ಸಭಾಂಗಣದಲ್ಲಿ ಪ್ರೋಗ್ರೆಸ್ ರೆಸ್ಲಿಂಗ್‌ನ ಮೊದಲ ಪ್ರದರ್ಶನ ನಡೆಸಿದರು. ಪ್ರತಿ ಪ್ರದರ್ಶನಕ್ಕೆ ‘ಅಧ್ಯಾಯ’ ಎಂದು ಕ್ರಮಸಂಖ್ಯೆ. ಮಕ್ಕಳ ಬದಲು ಬಿಯರ್ ಹಿಡಿದು ನಿಂತ ವಯಸ್ಕ ಪ್ರೇಕ್ಷಕರು, ರಾಕ್ ಸಂಗೀತದ ಅಬ್ಬರ, ಒಂದರಿಂದ ಮತ್ತೊಂದಕ್ಕೆ ಬೆಳೆಯುವ ಕಥೆ. ಪ್ರದರ್ಶನದ ವಿಡಿಯೊಗಳನ್ನು ಅಂತರ್ಜಾಲದಲ್ಲಿ ಚಂದಾದಾರರಿಗೆ ಕೊಡುವ ವ್ಯವಸ್ಥೆ ಬಂದ ಮೇಲೆ ಕ್ಯಾಮ್‌ಡನ್‌ನ ಎಲೆಕ್ಟ್ರಿಕ್ ಬಾಲ್‌ರೂಮಿನಲ್ಲಿ ನಡೆದದ್ದನ್ನು ಅಮೆರಿಕ, ಜಪಾನಿನ ಅಭಿಮಾನಿಗಳೂ ನೋಡುವಂತಾಯಿತು. ಅಲ್ಲಿನ ಸುಮಾರು 700 ಟಿಕೆಟ್‌ಗಳು ಮಾರಾಟಕ್ಕಿಟ್ಟ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿದ್ದ ದಿನಗಳಿದ್ದವು. ಅದೇ 2012ರಲ್ಲಿ ಆಂಡಿ ಕ್ವಿಲ್ಡನ್ ಕಟ್ಟಿದ ರೆವ್‌ಪ್ರೋ, ಜಪಾನಿನ ನ್ಯೂ ಜಪಾನ್ ಕಂಪನಿಯೊಂದಿಗೆ ಕೈಜೋಡಿಸಿ ಯಾರ್ಕ್ ಹಾಲನ್ನು ತನ್ನ ಮನೆ ಮಾಡಿಕೊಂಡಿತು.

ಗ್ಲ್ಯಾಸ್ಗೋದಲ್ಲಿ ಮಾರ್ಕ್ ಡಲ್ಲಾಸ್ 2006ರಲ್ಲೇ ಆರಂಭಿಸಿದ್ದ ಐಸಿಡಬ್ಲ್ಯು, ಬಿಬಿಸಿಯ ಸಾಕ್ಷ್ಯಚಿತ್ರದ ನಂತರ ಸ್ಕಾಟ್ಲೆಂಡಿನಲ್ಲಿ ಮನೆಮಾತಾಗಿ 2016ರ ನವೆಂಬರ್‌ನಲ್ಲಿ ಹೈಡ್ರೋ ಅರೇನಾದಲ್ಲಿ 6,193 ಜನರನ್ನು ಸೇರಿಸಿತು. ಇತ್ತ ಸಫಕ್‌ನಲ್ಲಿ ಹುಟ್ಟಿ ಲಂಡನ್ನಿಗೆ ಬಂದ ‘ಈವ್’ ಕಂಪನಿ ಮಹಿಳೆಯರ ಪಂದ್ಯಗಳನ್ನೇ ನಡೆಸುತ್ತ 2018ರಲ್ಲಿ ಯಾರ್ಕ್ ಹಾಲ್ ಪ್ರವೇಶಿಸಿತು. 1970ರ ದಶಕದಲ್ಲಿ ಲಂಡನ್ನಿನ ಕಣಗಳಲ್ಲಿ ಹೆಣ್ಣುಮಕ್ಕಳು ಸೆಣಸುವುದಕ್ಕೇ ಅಡ್ಡಿಯಿತ್ತು ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿಯುತ್ತದೆ. ಕಣದೊಳಗಿನ ಶೈಲಿಯೂ ಬದಲಾಯಿತು. ಝ್ಯಾಕ್ ಸೇಬರ್ ಜೂನಿಯರ್ ಹಳೆಯ ಬ್ರಿಟಿಷ್ ಪಟ್ಟುಗಳನ್ನು ಜಪಾನಿನ ಬಿರುಸಿನೊಂದಿಗೆ ಬೆರೆಸಿದರೆ, ವಿಲ್ ಆಸ್ಪ್ರೆ ಗಾಳಿಯಲ್ಲಿ ಲಾಗ ಹಾಕುವುದರಲ್ಲಿ ಜಗತ್ತಿಗೇ ಮಾದರಿಯಾದರು. ಜಾನಿ ಸೇಂಟ್ ಅವರ ಉರುಳು ಪಟ್ಟುಗಳು ಡಡ್ಲಿಯ ಹುಡುಗ ಟೈಲರ್ ಬೇಟ್‌ನ ಮೈಯಲ್ಲಿ ಮತ್ತೆ ಕಾಣಿಸಿಕೊಂಡವು.

ಈ ಬೆಳವಣಿಗೆಯ ತುತ್ತತುದಿ 2018ರ ಸೆಪ್ಟೆಂಬರ್ 30. ಅಂದು ವೆಂಬ್ಲಿ ಅರೇನಾದಲ್ಲಿ ಪ್ರೋಗ್ರೆಸ್ 4,750 ಜನರ ಮುಂದೆ ಪ್ರದರ್ಶನ ನೀಡಿತು. ಆದರೆ ಅಷ್ಟರಲ್ಲಿ ಕಣದ ಅಡಿಪಾಯ ಸರಿಯತೊಡಗಿತ್ತು. 2016ರ ಕೊನೆಗೆ ಐಟಿವಿ ತನ್ನ ಹಳೆಯ ಕುಸ್ತಿಯನ್ನು ಮರಳಿ ತರುವ ಸೂಚನೆ ಕೊಟ್ಟ ಕೂಡಲೇ ಡಬ್ಲ್ಯುಡಬ್ಲ್ಯುಇ ಬ್ರಿಟನ್ನಿಗೆಂದೇ ಹೊಸ ಚಾಂಪಿಯನ್‌ಷಿಪ್ ಘೋಷಿಸಿತು. 2017ರ ಜನವರಿಯಲ್ಲಿ ಬ್ಲ್ಯಾಕ್‌ಪೂಲ್‌ನ ಎಂಪ್ರೆಸ್ ಬಾಲ್‌ರೂಮಿನಲ್ಲಿ ನಡೆದ ಆ ಟೂರ್ನಿಯನ್ನು ಗೆದ್ದದ್ದು 19 ವರ್ಷದ ಟೈಲರ್ ಬೇಟ್. ಐಟಿವಿ 2018ರಲ್ಲಿ ತಂದ ಹತ್ತು ಕಂತುಗಳ ಕಾರ್ಯಕ್ರಮ ಅಷ್ಟಕ್ಕೇ ನಿಂತಿತು. ಆದರೆ ಅದನ್ನು ಎದುರಿಸಲೆಂದು ಬಂದ, ಡಬ್ಲ್ಯುಡಬ್ಲ್ಯುಇಯ ಬ್ರಿಟಿಷ್ ಶಾಖೆಯಾದ ಎನ್‌ಎಕ್ಸ್‌ಟಿ ಯುಕೆ ಅದೇ ವರ್ಷ ವಾರದ ಕಾರ್ಯಕ್ರಮವಾಗಿ, 2019ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ತರಬೇತಿ ಕೇಂದ್ರವಾಗಿ ಬೇರುಬಿಟ್ಟಿತು.

ಇಲ್ಲಿ ನಡೆದ ವ್ಯವಹಾರವನ್ನು ಬಿಡಿಸಿ ನೋಡಬೇಕು. ಡಬ್ಲ್ಯುಡಬ್ಲ್ಯುಇ ಬ್ರಿಟಿಷ್ ಕಂಪನಿಗಳನ್ನು ಕೊಳ್ಳಲಿಲ್ಲ. ಅವುಗಳ ಕುಸ್ತಿಪಟುಗಳಿಗೆ ಒಪ್ಪಂದ ಕೊಟ್ಟಿತು, ಪ್ರೋಗ್ರೆಸ್, ಐಸಿಡಬ್ಲ್ಯುಗಳನ್ನು ಪಾಲುದಾರರೆಂದು ಕರೆಯಿತು. ಮೊದಮೊದಲು ಒಪ್ಪಂದ ಪಡೆದವರು ಇಂಡಿ ಕಣಗಳಲ್ಲೂ ಸೆಣಸಬಹುದಿತ್ತು. ಬರಬರುತ್ತ ಎಲ್ಲಿ, ಯಾರೊಂದಿಗೆ, ಯಾವುದು ಚಿತ್ರೀಕರಣವಾಗಬಹುದು ಎಂಬ ಷರತ್ತುಗಳು ಬಿಗಿಯಾದವು. ವಾರಾಂತ್ಯದ ಸಂಭಾವನೆ ಮತ್ತು ವಿರಾಮದಲ್ಲಿ ಮೇಜು ಹಾಕಿ ಮಾರುವ ಟೀ ಶರ್ಟುಗಳ ಮೇಲೆ ಬದುಕುತ್ತಿದ್ದ ಇಪ್ಪತ್ತರ ಹರೆಯದವರಿಗೆ ತಿಂಗಳ ಸಂಬಳ ಬರುವ ಕೆಲಸ ಸಿಕ್ಕಿದರೆ ಬೇಡವೆನ್ನುವುದು ಹೇಗೆ? ಅವರನ್ನು ದೂರುವಂತಿಲ್ಲ. ಆದರೆ ವರ್ಷಗಟ್ಟಲೆ ಕಥೆ ಕಟ್ಟಿ ಒಬ್ಬ ತಾರೆಯನ್ನು ಬೆಳೆಸಿದ ಸಣ್ಣ ಕಂಪನಿಗೆ, ಅವನು ಜನರನ್ನು ಸೆಳೆಯತೊಡಗಿದ ಹೊತ್ತಿನಲ್ಲೇ ಅವನಿಲ್ಲದಾದ. 2019ರಲ್ಲಿ ಸ್ಮಾಲ್‌ಮನ್ ಅವರೇ ಪ್ರೋಗ್ರೆಸ್ ಬಿಟ್ಟು ಎನ್‌ಎಕ್ಸ್‌ಟಿ ಯುಕೆಯ ಕೆಲಸಕ್ಕೆ ಹೋಗುವುದಾಗಿ ಪ್ರಕಟಿಸಿದರು. ಐಟಿವಿ ಬಾಗಿಲು ಹಾಕಿದಾಗ ಹೆಚ್ಚಿನ ಕುಸ್ತಿಪಟುಗಳಾದರೂ ಊರಲ್ಲೇ ಉಳಿದಿದ್ದರು. ಈ ಸಲ ಹಾಗಾಗಲಿಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್ ಸಭಾಂಗಣಗಳನ್ನು ಮುಚ್ಚಿಸಿತು. ಜೂನ್‌ನಲ್ಲಿ ‘ಸ್ಪೀಕಿಂಗ್ ಔಟ್’ ಎಂಬ ಹೆಸರಿನಲ್ಲಿ ಮಹಿಳೆಯರೂ ಕೆಲವು ಪುರುಷರೂ ತಾವು ಅನುಭವಿಸಿದ ಲೈಂಗಿಕ ದೌರ್ಜನ್ಯ, ಬೆದರಿಕೆ, ತರಬೇತಿ ಶಾಲೆಗಳಲ್ಲಿನ ಅಧಿಕಾರದ ದುರ್ಬಳಕೆಗಳ ಬಗ್ಗೆ ಸಾಮಾಜಿಕ ಜಾಲತಾಣಗಳಲ್ಲಿ ಬರೆಯತೊಡಗಿದರು. ಕೆಲವೇ ದಿನಗಳಲ್ಲಿ ಆರೋಪಗಳ ಸರಮಾಲೆಯೇ ಹೊರಬಂತು. ಕೆಲವರ ಒಪ್ಪಂದಗಳು ರದ್ದಾದವು, ಕೆಲವು ಕಂಪನಿಗಳ ಮುಖ್ಯಸ್ಥರು ಹೊರನಡೆದರು, ವುಲ್ವರ್‌ಹ್ಯಾಂಪ್ಟನ್‌ನ ಫೈಟ್ ಕ್ಲಬ್ ಪ್ರೋ ಮುಚ್ಚಿತು. ಪ್ರೇಕ್ಷಕರಿಗೆ ಸಭ್ಯತೆಯ ನಿಯಮ ಹೇಳಿ, ಜನಾಂಗೀಯ ಅಥವಾ ಲಿಂಗನಿಂದೆಯ ಘೋಷಣೆ ಕೂಗಿದವರನ್ನು ಹೊರಹಾಕುತ್ತೇವೆಂದು ಹೆಮ್ಮೆಪಟ್ಟಿದ್ದ ಹೊಸ ತಲೆಮಾರಿನ ಕ್ಷೇತ್ರ ಇದು. ಆಸನಗಳ ಕಡೆ ಇದ್ದ ಎಚ್ಚರ ಪರದೆಯ ಹಿಂದೆ ಇರಲಿಲ್ಲವೆಂಬುದು ಅನೇಕ ಅಭಿಮಾನಿಗಳು ಶಾಶ್ವತವಾಗಿ ದೂರವಾಗಲು ಕಾರಣವಾಯಿತು.

ಆದರೆ ಇದನ್ನು ಕೆಲವರ ಕೆಟ್ಟತನವೆಂದು ಮುಗಿಸಿಬಿಡುವುದು ತಪ್ಪು. ಹೊಸಬರು ಈ ಕಸುಬಿಗೆ ಬರುವ ಬಗೆಯನ್ನೇ ನೋಡಿ: ಪ್ರಮೋಟರ್ ಒಬ್ಬ ಗೋದಾಮು ಬಾಡಿಗೆ ಹಿಡಿದು ಶಾಲೆ ತೆರೆಯುತ್ತಾನೆ, ಹದಿಹರೆಯದ ವಿದ್ಯಾರ್ಥಿಗಳು ಶುಲ್ಕ ಕೊಟ್ಟು ಕಲಿಯುತ್ತಾರೆ, ಪ್ರದರ್ಶನದ ದಿನ ಉಕ್ಕಿನ ತೊಲೆಗಳನ್ನು ಹೊತ್ತು, ಪ್ಲೈವುಡ್ ಹಲಗೆ ಜೋಡಿಸಿ, ಮೇಲೆ ತೆಳು ಫೋಮ್ ಹಾಸಿ, ಕ್ಯಾನ್ವಾಸ್ ಬಿಗಿದು ಕಣ ಕಟ್ಟುವವರೂ ಅವರೇ, ರಾತ್ರಿ ಬಿಚ್ಚುವವರೂ ಅವರೇ. ಎಂದು ಅವಕಾಶ ಸಿಗುತ್ತದೆ, ಯಾರ ಎದುರು, ಯಾವ ಊರಿನಲ್ಲಿ, ಅಲ್ಲಿಗೆ ಯಾರ ಕಾರಿನಲ್ಲಿ ಹೋಗಬೇಕು ಎಂಬುದೆಲ್ಲ ಗುರು ಮತ್ತು ಹಿರಿಯರ ಮರ್ಜಿ. ತರಬೇತುದಾರನೇ ಉದ್ಯೋಗದಾತನೂ ಆಗಿರುವಾಗ ದೂರು ಕೊಡುವುದು ಯಾರಿಗೆ?

ಬ್ರಿಟಿಷ್ ಸಂಸತ್ತಿನ ಸರ್ವಪಕ್ಷ ಗುಂಪೊಂದು, ಲೇಬರ್ ಪಕ್ಷದ ಅಲೆಕ್ಸ್ ಡೇವಿಸ್-ಜೋನ್ಸ್ ಮತ್ತು ಕನ್ಸರ್ವೇಟಿವ್ ಪಕ್ಷದ ಮಾರ್ಕ್ ಫ್ಲೆಚರ್ ಅವರ ಮುಂದಾಳತ್ವದಲ್ಲಿ, 2021ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿತು. ಅದರ ಮುಖ್ಯ ಸಲಹೆ ಜಾಣತನದ್ದು: ಪ್ರದರ್ಶನವನ್ನು ರಂಗಕಲೆಯೆಂದು, ತರಬೇತಿಯನ್ನು ಕ್ರೀಡೆಯೆಂದು ಪರಿಗಣಿಸಿ ಎರಡನ್ನೂ ಆಯಾ ವ್ಯವಸ್ಥೆಯ ಹೊಣೆಗಾರಿಕೆಗೆ ಒಳಪಡಿಸುವುದು. ಸರ್ವಪಕ್ಷ ಗುಂಪಿನ ವರದಿಗೆ ಕಾನೂನಿನ ಬಲವಿಲ್ಲದ ಕಾರಣ ಅದನ್ನು ಪಾಲಿಸುವುದು ಬಿಡುವುದು ಕಂಪನಿಗಳ ಇಚ್ಛೆಗೆ ಉಳಿಯಿತು.

2022ರ ಆಗಸ್ಟ್‌ನಲ್ಲಿ ಡಬ್ಲ್ಯುಡಬ್ಲ್ಯುಇ ಎನ್‌ಎಕ್ಸ್‌ಟಿ ಯುಕೆಯನ್ನು ನಿಲ್ಲಿಸುವುದಾಗಿ ಹೇಳಿ ಅನೇಕರನ್ನು ಒಪ್ಪಂದದಿಂದ ಬಿಡುಗಡೆ ಮಾಡಿತು. ಅದರ ಜಾಗದಲ್ಲಿ ಬರಬೇಕಿದ್ದ ‘ಎನ್‌ಎಕ್ಸ್‌ಟಿ ಯುರೋಪ್’ ಘೋಷಣೆಯ ಹಂತ ದಾಟಲಿಲ್ಲ. ಬಿಡುಗಡೆಯಾದವರು ಮರಳಿ ಬಂದಾಗ ಕಂಡದ್ದು ಮೊದಲಿಗಿಂತ ಕಡಿಮೆ ಕಂಪನಿಗಳನ್ನು, ಏರಿದ ಬಾಡಿಗೆಯನ್ನು, ಚದುರಿಹೋದ ಪ್ರೇಕ್ಷಕರನ್ನು. ಹೊಸ ಮಾಲೀಕರ ಕೈಗೆ ಬಂದ ಪ್ರೋಗ್ರೆಸ್ ಮತ್ತೆ ಬಾಲ್‌ರೂಮಿನ ಅಳತೆಗೆ ಇಳಿದು ನಡೆಯುತ್ತಿದೆ. ಸ್ಥಿರವಾಗಿ ಉಳಿದದ್ದು ರೆವ್‌ಪ್ರೋ. ಎಇಡಬ್ಲ್ಯುವಿನ ವೆಂಬ್ಲಿ ಪ್ರದರ್ಶನದ ಹಿಂದಿನ ದಿನವೇ ಲಂಡನ್ನಿನ ಕಾಪರ್ ಬಾಕ್ಸ್ ಅರೇನಾದಲ್ಲಿ ತನ್ನ ವಾರ್ಷಿಕೋತ್ಸವ ಇಟ್ಟುಕೊಂಡು, ಹೊರದೇಶಗಳಿಂದ ಬಂದಿದ್ದ ಅಭಿಮಾನಿಗಳನ್ನು ತನ್ನ ಬಾಗಿಲಿಗೂ ಕರೆದುಕೊಂಡಿತು. ದೈತ್ಯರ ನೆರಳಿನಲ್ಲಿ ಬದುಕುವ ಕಲೆ ಅದು. ಆದರೂ 2024ರ ಫೆಬ್ರವರಿಯಲ್ಲಿ ಅದೇ ರೆವ್‌ಪ್ರೋ ಕಣದಲ್ಲಿ ಮೈಕಲ್ ಓಕು ಎದುರು ಸೆಣಸಿ ವಿಲ್ ಆಸ್ಪ್ರೆ ಬೀಳ್ಕೊಡುಗೆ ಪಡೆದು ಎಇಡಬ್ಲ್ಯುವಿನ ಪೂರ್ಣಾವಧಿ ಕೆಲಸಕ್ಕೆ ಹೋದರು. ಅಕ್ಟೋಬರ್‌ನಲ್ಲಿ ಝ್ಯಾಕ್ ಸೇಬರ್ ಜೂನಿಯರ್ ನ್ಯೂ ಜಪಾನ್‌ನ ವಿಶ್ವ ಚಾಂಪಿಯನ್ ಆದರು. ಆ ದೇಶದ ಅತ್ಯುತ್ತಮರಿಗೆ ತವರಿನಲ್ಲಿ ಪೂರ್ಣಾವಧಿ ಸಂಬಳ ಕೊಡಬಲ್ಲ ಕಂಪನಿ ಇಂದಿಗೂ ಒಂದೂ ಇಲ್ಲ.

ಇಷ್ಟರ ನಡುವೆ, ಯಾವ ಕ್ರೀಡಾಂಗಣದ ಸುದ್ದಿಯೂ ಆಗದೆ ಒಂದು ಬದಲಾವಣೆ ಕಾಯ್ದೆಯ ಪುಸ್ತಕದಲ್ಲಿ ಸೇರಿತು. 16, 17ರ ವಯಸ್ಸಿನವರೊಂದಿಗೆ ಶಿಕ್ಷಕರಂಥ ನಂಬಿಕೆಯ ಸ್ಥಾನದಲ್ಲಿರುವವರು ಲೈಂಗಿಕ ಸಂಬಂಧ ಬೆಳೆಸುವುದನ್ನು ಅಪರಾಧವೆನ್ನುವ ನಿಯಮವನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರ ಕಾಯ್ದೆಯೊಂದು ಕ್ರೀಡಾ ತರಬೇತುದಾರರಿಗೂ ವಿಸ್ತರಿಸಿತು. ಕ್ರೀಡೆ ಎಂಬುದಕ್ಕೆ ಅಲ್ಲಿ ಕೊಟ್ಟಿರುವ ವಿವರಣೆಯಲ್ಲಿ ಸ್ಪರ್ಧೆಗಾಗಿ ನಡೆಸುವ ದೈಹಿಕ ಚಟುವಟಿಕೆಯ ಜೊತೆಗೆ ಪ್ರದರ್ಶನಕ್ಕಾಗಿ ನಡೆಸುವುದೂ ಸೇರಿದೆ. ಸೋಲುಗೆಲುವು ಮೊದಲೇ ನಿಗದಿಯಾದ ಆಟ ಕ್ರೀಡೆಯಲ್ಲವೆಂದು ವಾದಿಸಿ ನುಣುಚಿಕೊಳ್ಳುವುದು ಗೋದಾಮಿನ ಶಾಲೆಯ ಗುರುವಿಗೆ ಇನ್ನು ಮೊದಲಿನಷ್ಟು ಸುಲಭವಲ್ಲ. ಶಾಲೆ ತೆರೆಯಲು ಮಾತ್ರ ಇವತ್ತಿಗೂ ಪರವಾನಗಿ ಬೇಕಿಲ್ಲ.